ಕೈಮಾತಿನ ಕಾರ್ಡುಗಳು

ನನ್ನ ಮೊದಲ ಪ್ರಸ್ತಾವನೆ ಹನ್ನೊಂದು ಪುಟವಿತ್ತು. 'ಕೈಗಾರಿಕಾ ಕನ್ನಡದ ಪಾರಿಭಾಷಿಕ ಪದಗಳು: ಒಂದು ಅಧ್ಯಯನ' ಎಂದು ಹೆಸರಿಟ್ಟಿದ್ದೆ. ದುಡಿಮೆ ಮತ್ತು ಭಾಷೆಯ ಬಗ್ಗೆ ವಿಶ್ವವಿದ್ಯಾಲಯದ ವಿಭಾಗವೊಂದು ತರುತ್ತಿದ್ದ ಸಂಪುಟಕ್ಕೆ ಒಂದು ಸಂಶೋಧನ ಲೇಖನ ಕೊಡಬೇಕಿತ್ತು. ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ನನಗೆ ಅಂಥ ಅವಕಾಶ ಸುಲಭಕ್ಕೆ ಸಿಗುವಂಥದ್ದಲ್ಲ. ಸಂಪುಟದ ಹೊಣೆ ಹೊತ್ತಿದ್ದ ಪ್ರಾಧ್ಯಾಪಕಿ ಹನ್ನೊಂದು ಪುಟವನ್ನೂ ನನ್ನೆದುರೇ ಓದಿ, ಕನ್ನಡಕ ತೆಗೆದಿಟ್ಟು ಕೇಳಿದರು:

"ಇದರಲ್ಲಿ ನಿಮಗೆ ಗೊತ್ತಿಲ್ಲದ್ದು ಏನಿದೆ?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ.

"ಎಲ್ಲಾ ಪುಸ್ತಕದಲ್ಲಿರೋದೇ. ಉತ್ತರ ಮೊದಲೇ ಗೊತ್ತಿದ್ರೆ ಹುಡುಕೋದ್ಯಾಕೆ? ತಿಳ್ಕೊಳ್ಳದೇ ಇದ್ರೆ ಸಮಾಧಾನ ಇಲ್ಲ ಅನ್ನಿಸೋ ವಿಷಯ ಏನಾದ್ರೂ ಇದ್ರೆ ತನ್ನಿ."

ಮುಖ ಸಣ್ಣದು ಮಾಡಿಕೊಂಡು ಕ್ಯಾಂಟೀನಿಗೆ ಹೋದೆ. ಮಧ್ಯಾಹ್ನದ ಗದ್ದಲ. ಸ್ವಲ್ಪ ಹೊತ್ತಿಗೆ ಅವರೂ ಬಂದು, ಆ ತುದಿಯ ಮೇಜಿನಿಂದ ನನ್ನನ್ನು ಕೈಬೀಸಿ ಕರೆದರು. ನನ್ನ ತಟ್ಟೆಯಲ್ಲಿ ಇನ್ನೂ ಅನ್ನವಿತ್ತು. ಅಂಗೈ ಬಿಡಿಸಿ ಗಾಳಿಯಲ್ಲಿ ನಿಧಾನಕ್ಕೆ ಎರಡು ಸುತ್ತು ತಿರುಗಿಸಿ ತೋರಿಸಿ, ಮತ್ತೆ ಉಣ್ಣತೊಡಗಿದೆ. ಅವರೇ ಎದ್ದು ಬಂದರು.

"ಈಗ ಕೈಯಲ್ಲಿ ಏನು ಮಾಡಿದ್ರಿ?"

ನನ್ನ ಕೈಯನ್ನು ನಾನೇ ನೋಡಿಕೊಂಡೆ. "ಸ್ವಲ್ಪ ಇರಿ ಅಂದೆ, ಮೇಡಂ. ನಮ್ಮನೇಲಿ ಹಾಗೇ ಮಾಡೋದು. ಅಪ್ಪ ಪೀಣ್ಯದಲ್ಲಿ ಪ್ರೆಸ್ ಆಪರೇಟರ್ ಆಗಿದ್ರು. ಕಿವಿ ಕೇಳ್ತಿರ್ಲಿಲ್ಲ."

"ಅದು ಮನೇಲಿ ಹುಟ್ಟಿದ್ದಾ, ಫ್ಯಾಕ್ಟರಿಯಿಂದ ಬಂದಿದ್ದಾ?"

ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಅದೇ ಸನ್ನೆಗಳಲ್ಲಿ ಬೆಳೆದವಳು ಒಂದು ದಿನವೂ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಹನ್ನೊಂದು ಪುಟವನ್ನು ಅಲ್ಲಿಗೇ ಬಿಟ್ಟೆ.

ಅಪ್ಪ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಪೀಣ್ಯ ಎರಡನೇ ಹಂತದ ಒಂದು ಪ್ರೆಸ್ ಶಾಪಿನಲ್ಲಿ ಇಪ್ಪತ್ತಾರು ವರ್ಷ ಪವರ್ ಪ್ರೆಸ್ ಓಡಿಸಿದವರು. ತಗಡನ್ನು ಅಚ್ಚಿನ ಮೇಲಿಟ್ಟು ಪೆಡಲ್ ಒತ್ತಿದರೆ ಮೇಲಿನಿಂದ ಭಾರ ಬಿದ್ದು, ತಗಡು ಫ್ಯಾನಿನ ಬಟ್ಟಲೋ ಬಾಗಿಲ ಕೀಲೋ ಆಗುವ ಯಂತ್ರ ಅದು. ಒಂದೊಂದು ಏಟಿಗೂ ನೆಲ ನಡುಗುತ್ತದೆ. ಅಂಥ ಹದಿನಾಲ್ಕು ಯಂತ್ರ ಒಂದೇ ಶೆಡ್ಡಿನಲ್ಲಿ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಪ್ಪನ ಕಿವಿ ಹೆಚ್ಚುಕಡಿಮೆ ಹೋಗಿತ್ತು. ತಮ್ಮ ಧ್ವನಿ ತಮಗೇ ಕೇಳದೆ ಕಿರುಚಿ ಮಾತಾಡುತ್ತಿದ್ದರು. ವಠಾರದವರು ನಗುತ್ತಿದ್ದರು. ಕೊನೆಗೆ ಅವರು ಮಾತಾಡುವುದನ್ನೇ ಬಿಟ್ಟರು. ಮನೆಯಲ್ಲಿ ಮೊದಲಿಂದಲೂ ಅಷ್ಟಿಷ್ಟು ಇದ್ದ ಕೈಸನ್ನೆಯೇ ಅವರ ಮಾತಾಯಿತು. ನೀರು, ಊಟ, ಬಾಗಿಲು ಹಾಕು, ಯಾರೋ ಬಂದರು, ಪುಸ್ತಕ ತೆಗೆ, ಎಲ್ಲವೂ ಕೈಯಲ್ಲೇ. ಅವರು ಹೋದ ಮೇಲೂ ನಾನೂ ಅಮ್ಮನೂ ಆ ಅಭ್ಯಾಸ ಬಿಟ್ಟಿರಲಿಲ್ಲ. ಅಮ್ಮನಿಗೆ ಮಂಡಿನೋವು. ಅಡುಗೆಮನೆಯಲ್ಲಿ ನಿಂತು ಕೈ ಎತ್ತಿದರೆ ಮುಂದಿನ ಕೋಣೆಯಲ್ಲಿ ಕೂತ ನನಗೆ ಕಾಣುತ್ತಿತ್ತು. ಎದ್ದು ಬರುವ ಕಷ್ಟ ಅವಳಿಗೆ ತಪ್ಪುತ್ತಿತ್ತು.

ಅಪ್ಪನ ಶೆಡ್ಡು ಅಲ್ಲೇ ಇತ್ತು, ಯಂತ್ರಗಳೂ. ಹಳೆಯ ಮಾಲೀಕರ ಮಗ ನಡೆಸುತ್ತಿದ್ದ. ಮೂರು ಸಲ ಗೇಟಿನಿಂದಲೇ ವಾಪಸ್ ಬಂದೆ. ಹೆಂಗಸು ಒಳಗೆ ಬಂದರೆ ಆಪರೇಟರುಗಳ ಗಮನ ತಪ್ಪುತ್ತದೆ, ಗಮನ ತಪ್ಪಿದರೆ ಬೆರಳು ಹೋಗುತ್ತದೆ ಎಂದ ಸೂಪರ್‌ವೈಸರ್. ಅದರಲ್ಲಿ ನಿಜವೂ ಇತ್ತು. ನಾಲ್ಕನೇ ಸಲ ನನ್ನ ಪರವಾಗಿ ಮಾತಾಡಿದವರು ಡೈ ಸೆಟ್ಟರ್. ಯಂತ್ರಕ್ಕೆ ಅಚ್ಚು ಕೂರಿಸಿ ಅಳತೆ ಹೊಂದಿಸುವ ಹಿರಿಯ ಕೆಲಸಗಾರ ಅವರು. ಅಪ್ಪನ ಪಕ್ಕದಲ್ಲೇ ವರ್ಷಗಟ್ಟಲೆ ದುಡಿದವರು.

"ಇವಳು ಆರನೇ ನಂಬರ್ ಪ್ರೆಸ್ಸಿನವನ ಮಗಳು ಸಾರ್. ಅವಳಿಗೂ ಅಷ್ಟೋ ಇಷ್ಟೋ ಹಕ್ಕೈತೆ. ನಾನ್ ನೋಡ್ಕೊಳ್ತೀನಿ ಬಿಡಿ" ಎಂದರು.

ಮಾಲೀಕ ಒಪ್ಪಿದ, ಷರತ್ತುಗಳ ಮೇಲೆ. ಶನಿವಾರ ಮಧ್ಯಾಹ್ನ ಎರಡು ತಾಸು ಮಾತ್ರ. ಹಳದಿ ಗೆರೆಯ ಈಚೆ ನಿಲ್ಲಬೇಕು. ಫೋನು ಗೇಟಿನಲ್ಲೇ ಬಿಡಬೇಕು. ಗಿರಾಕಿಗಳ ಬಿಡಿಭಾಗ ಚಿತ್ರದಲ್ಲಿ ಬೀಳಕೂಡದು ಎಂಬುದು ಅವನ ಚಿಂತೆ. ಹಾಗಾಗಿ ವಿಡಿಯೊ ಇಲ್ಲ. ಸನ್ನೆಗಳ ಮೇಲಿನ ಕೆಲಸಕ್ಕೆ ಕ್ಯಾಮೆರಾ ಇಲ್ಲದೆ ಹೋಗುವುದು ಕಣ್ಣು ಕಟ್ಟಿಕೊಂಡು ಹೋದಂತೆಯೇ.

ಒಂದು ಉಪಾಯ ಮಾಡಿದೆ. ಅಂಗೈ ಅಗಲದ ದಪ್ಪ ಕಾರ್ಡುಗಳನ್ನು ಕತ್ತರಿಸಿಕೊಂಡೆ. ಒಂದು ಸನ್ನೆಗೆ ಒಂದು ಕಾರ್ಡು. ಕೈಯ ಆಕಾರ, ಮೈಯ ಯಾವ ಜಾಗ, ಚಲನೆ ಯಾವ ಕಡೆಗೆ, ಅರ್ಥವೇನು ಎಂದು ನಾಲ್ಕು ಸಾಲು. ಶೆಡ್ಡಿನಲ್ಲಿ ಬರೆದುಕೊಂಡು ಬಂದು, ಭಾನುವಾರ ಮನೆಯಲ್ಲಿ ಅದೇ ಸನ್ನೆಯನ್ನು ನಾನು ಮಾಡುವುದು, ಅಮ್ಮ ನನ್ನ ಫೋನಿನಲ್ಲಿ ಫೋಟೊ ತೆಗೆಯುವುದು.

ಮೊದಲ ತಿಂಗಳಲ್ಲಿ ಮೂವತ್ತಕ್ಕಿಂತ ಹೆಚ್ಚು ಕಾರ್ಡಾಯಿತು. ನನಗೆ ಬಹಳ ಹೆಮ್ಮೆ. ಟೀ ವಿರಾಮದಲ್ಲಿ ಆಪರೇಟರುಗಳ ನಡುವೆ ಕೂತು, "ಎಣ್ಣೆ ಬೇಕು ಅನ್ನೋಕೆ ಏನ್ ಮಾಡ್ತೀರಾ? ತಗಡು ಮುಗೀತು ಅನ್ನೋಕೆ?" ಎಂದು ಕೇಳುತ್ತಿದ್ದೆ. ಅವರು ಕೈಮಾಡಿ ತೋರಿಸುತ್ತಿದ್ದರು. ಐದನೇ ಶನಿವಾರ, ರಾಯಚೂರು ಕಡೆಯ ಒಬ್ಬ ಆಪರೇಟರನಿಗೆ ಮರೆತು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಅವನು ಬೇರೆಯೇ ಸನ್ನೆ ತೋರಿಸಿದ.

"ಹೋದ ವಾರ ಹೀಗೆ ಮಾಡಿದ್ರಲ್ಲಾ?"

ಅವನು ನಾಚಿಕೊಂಡ. "ನೀವು ಕೇಳಿದ್ರಲ್ರೀ ಅಕ್ಕಾರ. ಇಲ್ಲ ಅಂದ್ರ ಬ್ಯಾಸರ ಮಾಡ್ಕೋತೀರಿ ಅಂತ ಏನರ ಒಂದು ಮಾಡಿ ತೋರಿಸೀನ್ರೀ."

ಪ್ರಾಧ್ಯಾಪಕಿಗೆ ಹೇಳಿದಾಗ ಅವರು ಗದರಲಿಲ್ಲ. "ಮಾಹಿತಿ ಕೊಡೋರ ಬಾಯಿಗೆ ನೀವೇ ಉತ್ತರ ಇಟ್ರೆ ನಿಮ್ಮ ಉತ್ತರಾನೇ ನಿಮಗೆ ವಾಪಸ್ ಸಿಗುತ್ತೆ. ಕೇಳ್ಬೇಡಿ. ನೋಡಿ. ಅವರಷ್ಟಕ್ಕೆ ಅವರು ಮಾಡೋವರೆಗೂ ಕಾಯಿರಿ" ಎಂದರು.

ಆ ಕಾರ್ಡುಗಳನ್ನೆಲ್ಲ ಹರಿದು ಹಾಕಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಹಳದಿ ಗೆರೆಯ ಈಚೆ ನಿಂತು ಬರೀ ನೋಡಿದೆ. ಕಿವಿಗೆ ಪ್ಲಗ್ಗು ಹಾಕಿಕೊಂಡಿದ್ದರೂ ಏಟುಗಳು ಹಲ್ಲಿನೊಳಗೆ ಕೇಳಿಸುತ್ತಿದ್ದವು. ನಿಧಾನವಾಗಿ ಒಂದೊಂದೇ ಕಾಣತೊಡಗಿದವು. ಎದೆಯ ಮೇಲೆ ಮುಷ್ಟಿ ಎಂದರೆ ಯಂತ್ರ ನಿಂತಿದೆ, ಕೈ ಹಾಕಬಹುದು. ಬಿಡಿಸಿದ ಅಂಗೈ ತಿರುಗಿಸಿದರೆ, ಕರೆಂಟು ತೆಗೆದಿದ್ದರೂ ದೊಡ್ಡ ಚಕ್ರ ಇನ್ನೂ ತಿರುಗುತ್ತಿದೆ, ಕೈ ಹಾಕಬೇಡ. ಕ್ಯಾಂಟೀನಿನಲ್ಲಿ ನಾನು ಮಾಡಿದ್ದು ಅದನ್ನೇ. ಉಗುರಿನಿಂದ ಇನ್ನೊಂದು ಬೆರಳ ತುದಿ ಗೀರಿದರೆ ತಗಡಿನ ಅಂಚು ಒರಟಾಗಿ ಬರುತ್ತಿದೆ ಎಂದು. ನೆತ್ತಿ ಸವರಿಕೊಂಡರೆ ಮಾಲೀಕ ಬರುತ್ತಿದ್ದಾನೆ. ಈಗಿನ ಮಾಲೀಕನಿಗೆ ತಲೆತುಂಬ ಕೂದಲು. ಬೋಳುತಲೆಯಿದ್ದದ್ದು ಅವನ ಅಪ್ಪನಿಗೆ. ಆಪರೇಟರುಗಳಲ್ಲಿ ಮುಕ್ಕಾಲು ಜನ ಆ ಹಿರಿಯರನ್ನು ನೋಡಿಯೇ ಇರಲಿಲ್ಲ.

ಅದನ್ನು ಕಂಡ ದಿನ ಕಾರ್ಡಿಗೆ ಐದನೇ ಸಾಲು ಸೇರಿಸಿದೆ: ಯಾರಿಂದ ಕಲಿತದ್ದು. ಕಾರಣ ಮರೆತುಹೋದ ಮೇಲೂ ಸನ್ನೆ ಉಳಿಯುವುದಾದರೆ, ಕಲಿಸಿದವರ ಹಿಂದೆ ಹಿಂದೆ ಹೋದರೆ ಕಾರಣ ಸಿಗಬೇಕು.

ಮನೆಯಲ್ಲಿ ಕೆಲಸ ಇನ್ನೂ ಸೊಗಸಾಗಿ ನಡೆದಿತ್ತು. ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ ಅದರ ಮುಂದೆ ಕೈ ಹಿಡಿದು ನಿಲ್ಲುತ್ತಿದ್ದೆ. ಅಮ್ಮ ಫೋನು ಹಿಡಿದು, ಒಂದು ಕಣ್ಣು ಮುಚ್ಚಿ, ಗುರಿ ನೋಡುವವಳಂತೆ ನೋಡುತ್ತಿದ್ದಳು. ಮಧುಗಿರಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಪೀಣ್ಯಕ್ಕೆ ಬಂದವಳು. ಗಂಡ ದುಡಿದ ಶೆಡ್ಡಿನ ಒಳಗೆ ಒಂದು ದಿನವೂ ಕಾಲಿಟ್ಟವಳಲ್ಲ.

"ಅಂಗಲ್ಲ ಕಣೇ. ಹೆಬ್ಬೆಟ್ಟು ಒಳಕ್ಕೆ ಮಡುಚ್ಕೊ. ನಿಮ್ಮಪ್ಪ ಇಂಗೆ ಮಾಡ್ತಿದ್ರು" ಎಂದು ನನ್ನ ಕೈ ತಿದ್ದುತ್ತಿದ್ದಳು.

ಅವಳು ತಿದ್ದಿದ್ದನ್ನು ಮುಂದಿನ ಶನಿವಾರ ಹೋಗಿ ನೋಡಿದರೆ, ಹಳಬರ ಕೈ ಅವಳು ಹೇಳಿದ ಹಾಗೇ ಇರುತ್ತಿತ್ತು. ಆ ಭಾನುವಾರಗಳಲ್ಲಿ ಅವಳು ಬಹಳ ನಗುತ್ತಿದ್ದಳು. ಅಪ್ಪ ಹೋದ ಮೇಲೆ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಬೆಳಿಗ್ಗೆ ತಿಂಡಿ ಮುಗಿಯುವ ಮೊದಲೇ, "ಇವತ್ತೆಷ್ಟ್ ಕಾರ್ಡೈತೆ?" ಎಂದು ಕೇಳುತ್ತಿದ್ದಳು.

ಹೀಗಿರುವಾಗ ಒಂದು ಶನಿವಾರ, ಶಿಫ್ಟು ಮುಗಿಯುವ ಹೊತ್ತಿಗೆ, ಡೈ ಸೆಟ್ಟರ್ ತೋರುಬೆರಳನ್ನು ಮೂಗಿನ ಎಡಪಕ್ಕಕ್ಕೆ ಇಟ್ಟು ತೆಗೆದರು. ಒಂದನೇ ಪ್ರೆಸ್ಸಿನವನು ನೋಡಿ ತಾನೂ ಹಾಗೆ ಮಾಡಿದ, ಅವನನ್ನು ನೋಡಿ ಎರಡನೆಯವನು. ಸಾಲಿನುದ್ದಕ್ಕೂ ಬೆರಳುಗಳು ಮೂಗಿಗೆ ಹೋಗಿ ಬಂದವು. ಚಕ್ರಗಳು ಒಂದೊಂದಾಗಿ ನಿಧಾನವಾದವು. ರಾಯಚೂರಿನವನನ್ನು ಹೊರಗೆ ಹಿಡಿದು ಕೇಳಿದೆ.

"ಮನಿಗೆ ಹೋಗೂಣು ಅಂತ್ರೀ. ಮನಿ ಅಂದ್ರ ಹಿಂಗ." ಮತ್ತೆ ಮೂಗು ಮುಟ್ಟಿ ತೋರಿಸಿದ. ಯಾಕೆ ಹಾಗೆ ಎಂದರೆ ಅವನಿಗೆ ಗೊತ್ತಿಲ್ಲ.

ಮಾರನೆಯ ದಿನ ಬಿಳಿ ಬಟ್ಟೆಯ ಮುಂದೆ ನಿಂತು ಮೂಗಿನ ಪಕ್ಕ ಬೆರಳಿಟ್ಟೆ. ಅಮ್ಮ ಫೋನು ಕೆಳಗಿಳಿಸಿದಳು.

"ಅದನ್ಯಾಕ್ ಮಾಡ್ತೀಯ?"

"ಶೆಡ್ಡಲ್ಲಿ ಮಾಡ್ತಾರಮ್ಮ. ನಿನಗೆ ಗೊತ್ತಾ?"

"ಗೊತ್ತಿಲ್ದೆ ಏನು. ನಿಮ್ಮಪ್ಪ ನನ್ ಅಣಕಿಸಾಕೆ ಮಾಡ್ತಿದ್ದಿದ್ದು ಅದು."

ಅವಳು ಹೇಳಿದ್ದು ಇಷ್ಟು. ಮದುವೆಯಲ್ಲಿ ಹಾಕಿದ್ದ ಮೂಗುಬಟ್ಟಿನ ಕಲ್ಲು ಮೊದಲ ವರ್ಷದಲ್ಲೇ ಬಿದ್ದುಹೋಗಿತ್ತು. ಕಲ್ಲಿಲ್ಲದ ಬಟ್ಟನ್ನೇ ಇಟ್ಟುಕೊಂಡಿದ್ದಳು. ಆಮೇಲೆ ಅಪ್ಪ ಅವಳನ್ನು ಕರೆಯಬೇಕಾದಾಗಲೆಲ್ಲ ಮೂಗಿನ ಪಕ್ಕ ಮುಟ್ಟಿಕೊಳ್ಳುತ್ತಿದ್ದರು, ಮಾತು ಬಿಟ್ಟ ಮೇಲೂ ಹಾಗೇ. ಎಲ್ಲರೆದುರೂ ತನ್ನ ಬೋಳು ಮೂಗುಬಟ್ಟನ್ನು ಎತ್ತಿ ಆಡುತ್ತಾರೆ ಎಂದು ಅವಳು ತಿಳಿದಳು. ಒಂದು ದಿನ ಅವರೆದುರೇ ಅದನ್ನು ಕಿತ್ತು ಡಬ್ಬಿಗೆ ಹಾಕಿದಳು. ಮತ್ತೆಂದೂ ಹಾಕಿಕೊಳ್ಳಲಿಲ್ಲ. ಅವರೂ ಬೆರಳಿಡುವುದನ್ನು ಬಿಡಲಿಲ್ಲ. ಅಪ್ಪ ಮೂಗು ಮುಟ್ಟಿಕೊಳ್ಳುವುದನ್ನು ನಾನೂ ಕಂಡಿದ್ದೆ, ಬರೀ ಚಾಳಿ ಎಂದುಕೊಂಡಿದ್ದೆ.

"ಏಯ್ ಅಂತಾದ್ರೂ ಕರೀಬೋದಿತ್ತು. ಜನ ನಕ್ಕಂಡ್ರೆ ನಕ್ಕಳ್ಳಿ. ಹೆಂಡ್ತಿ ಕರ್ಯಾಕೆ ಗಂಟ್ಲಿಲ್ವಾ?" ಎಂದು ಒಳಗೆ ಹೋದಳು. ಆವತ್ತಿನ ಫೋಟೊ ಅಲ್ಲಿಗೇ ನಿಂತಿತು.

ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಕ್ಷಣದಲ್ಲಿ ನನಗಾದದ್ದು ಖುಷಿ. ಒಂದೇ ಸನ್ನೆಗೆ ಶೆಡ್ಡಿನಲ್ಲಿ ಒಂದು ಅರ್ಥ, ಮನೆಯಲ್ಲಿ ಇನ್ನೊಂದು. ಸಂಶೋಧನೆಯ ಪುಸ್ತಕಗಳಲ್ಲಿ ಇಂಥ ಜಾಗಕ್ಕಾಗಿಯೇ ಕಾಯಬೇಕು ಎನ್ನುತ್ತಾರೆ. ಅಮ್ಮನ ಮುಖ ನೋಡುವ ಬದಲು ಕಾರ್ಡಿನ ಹಿಂಬದಿಯಲ್ಲಿ ಅವಳ ಮಾತನ್ನು ಬಿಡದೆ ಬರೆದುಕೊಂಡೆ.

ಮುಂದಿನ ವಾರ ಟೀ ವಿರಾಮದಲ್ಲಿ ಡೈ ಸೆಟ್ಟರ್ ಜೊತೆ ಶೆಡ್ಡಿನ ಹಿಂದಿನ ನೀರಿನ ಟ್ಯಾಂಕಿನ ಹತ್ತಿರ ಕೂತೆ. ಅಷ್ಟು ಹೊತ್ತಿಗೆ ಐದನೇ ಸಾಲು ತುಂಬಿದ ಕಾರ್ಡುಗಳೆಲ್ಲ ಒಂದೇ ಕಡೆ ಕೈತೋರಿಸುತ್ತಿದ್ದವು. ಹೊಸಬರು ಹಳಬರಿಂದ ಕಲಿತಿದ್ದರು, ಹಳಬರು ಇವರಿಂದ. ಇವರು?

"ನಾನಾ? ನಿಮ್ಮಪ್ಪನಿಂದ" ಎಂದರು.

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡಿದ್ದೇನೆ. "ಆಗಿನ್ನೂ ನಾವು ಹುಡುಗ್ರು. ನಿಮ್ಮಪ್ಪನ ಪಕ್ಕದ ಪ್ರೆಸ್ಸಲ್ಲಿದ್ದೋನು ಕರೆಂಟ್ ಆಫ್ ಮಾಡಿ ಕೈ ಹಾಕ್ದ. ಚಕ್ರ ನಿಂತಿರ್ಲಿಲ್ಲ. ಕೈ ತೆಗಿಯೋ ಅಂತ ನಿಮ್ಮಪ್ಪ ಕೂಗ್ದ, ಕೂಗ್ದ. ಈ ಸದ್ದಲ್ಲಿ ಎಲ್ಲಿ ಕೇಳುತ್ತೆ? ಮೂರು ಬೆರಳು ಹೋಯ್ತು. ಆ ವಾರದಿಂದ ನಿಮ್ಮಪ್ಪ ಶುರು ಹಚ್ಕೊಂಡ ನೋಡಮ್ಮ. ಬೆಳಗಾದ್ರೆ ಒಂದು ಹೊಸಾ ಸನ್ನೆ ತರೋನು. ಎಲ್ಲಿಂದಯ್ಯಾ ಇದು ಅಂದ್ರೆ, ಮನೇಲಿ ಟ್ರಯಲ್ ತಗೊಂಡೇ ತರ್ತೀನಿ ಅನ್ನೋನು. ಏನೂ ಹೇಳ್ದೇನೇ ನನ್ ಹೆಂಡ್ತಿಗೆ ಅರ್ಥ ಆಯ್ತು ಅಂದ್ರೆ ಇಲ್ಲಿ ಬರೋ ಎಂಥೋನಿಗೂ ಅರ್ಥ ಆಗುತ್ತೆ, ಅನ್ನೋನು. ಅವಳಿಗೆ ಅರ್ಥ ಆಗ್ಲಿಲ್ಲ ಅಂದ್ರೆ ಆ ಸನ್ನೆ ಕ್ಯಾನ್ಸಲ್."

"ಅವಳಿಗೆ ಹೇಳಿಯೇ ಇರ್ಲಿಲ್ವಾ?"

"ಹೇಳಿದ್ರೆ ಟ್ರಯಲ್ ಹೆಂಗಾಗುತ್ತೆ?"

ಮೂಗಿನ ಸನ್ನೆಯ ಬಗ್ಗೆ ನಾನು ಕೇಳಲಿಲ್ಲ. ಅವರೇ ನೆನೆಸಿಕೊಂಡು ನಕ್ಕರು. "ಡ್ಯೂಟಿ ಮುಗೀತು ಅನ್ನೋಕೆ ಏನೂ ಇರ್ಲಿಲ್ಲ ಆಗ. ಒಂದಿನ ಹಿಂಗ್ ಮಾಡ್ದ. ಏನ್ ಗುರು ಇದು ಅಂದ್ರೆ, ನಮ್ಮನೆಯವಳ ಮೂಗುಬಟ್ಟು ಅಂದ. ಅಂದ್ರೆ ಮನೆ ಅಂತೆ! ಎಲ್ರೂ ಬಿದ್ದೂ ಬಿದ್ದೂ ನಕ್ವಿ. ಇವತ್ತಿಗೂ ಅದೇ ನಡೀತೈತೆ."

ಅಲ್ಲಿಂದ ಮನೆ ಒಂದು ಕಿಲೋಮೀಟರೂ ಇಲ್ಲ. ಆವತ್ತೇ ಹೋಗಿ ಅಮ್ಮನಿಗೆ ಹೇಳಬೇಕಿತ್ತು. ಓಡಿಹೋಗಿ ಹೇಳಬೇಕಿತ್ತು. ದಾರಿಯಲ್ಲಿ ಎರಡು ಸಲ ಬಾಯಲ್ಲೇ ಆ ಮಾತನ್ನು ಹೊಂದಿಸಿಯೂ ನೋಡಿದೆ. ಮನೆ ಹತ್ತಿರವಾದಂತೆ ಬೇರೆ ಯೋಚನೆ ಬಂತು. ಸನ್ನೆ ಮನೆಯಲ್ಲಿ ಹುಟ್ಟಿ ಶೆಡ್ಡಿಗೆ ಹೋಯಿತು ಎಂಬುದು ನನ್ನ ಲೇಖನದ ವಾದವಾಗುವುದಾದರೆ, ಅದಕ್ಕೆ ಎರಡನೇ ಸಾಕ್ಷಿ ಬೇಕು. ಆ ಸಾಕ್ಷಿ ಅಮ್ಮ. ಮೊದಲೇ ಹೇಳಿಬಿಟ್ಟರೆ ಅವಳ ಬಾಯಿಗೆ ನಾನೇ ಉತ್ತರ ಇಟ್ಟಂತಾಗುತ್ತದೆ. ಅವಳನ್ನು ಶೆಡ್ಡಿಗೇ ಕರೆದುಕೊಂಡು ಹೋಗಬೇಕು, ಅವಳಷ್ಟಕ್ಕೆ ಅವಳೇ ನೋಡಬೇಕು, ಏನು ಹೇಳುತ್ತಾಳೋ ಅದನ್ನು ಬರೆದುಕೊಳ್ಳಬೇಕು. ಹೀಗೆ ತೀರ್ಮಾನಿಸಿದೆ. ಯಾರೂ ನನಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ಪ್ರಾಧ್ಯಾಪಕಿಯನ್ನೂ ಕೇಳಲಿಲ್ಲ. ಮಾಲೀಕನ ಅನುಮತಿ ಸಿಗಲು ಎರಡು ವಾರ ಹಿಡಿಯಿತು. ಆ ಎರಡು ವಾರವೂ ಅಮ್ಮನ ಜೊತೆ ಕೂತು ಉಂಡೆ, ಟೀವಿ ನೋಡಿದೆ, ಅವಳ ಮಂಡಿಗೆ ಎಣ್ಣೆ ತಿಕ್ಕಿದೆ. ಏನೂ ಹೇಳಲಿಲ್ಲ.

ಆ ಶನಿವಾರ ಅವಳು ಮದುವೆಗೆ ಹೊರಟವಳಂತೆ ರೇಷ್ಮೆ ಅಂಚಿನ ಸೀರೆ ಉಟ್ಟಳು. ಆಟೊದಲ್ಲಿ ಕೂತು, "ಅವ್ರಿದ್ದಾಗ ಒಂದಿನ ಕರ್ಕಂಡ್ ಬರ್ನಿಲ್ಲ. ಈಗ್ ನೋಡು" ಎಂದಳು. ಖುಷಿಯಲ್ಲೇ ಹೇಳಿದಳು.

ಶೆಡ್ಡಿನ ಬಾಗಿಲಲ್ಲಿ ಸದ್ದು ಅವಳಿಗೆ ಅಪ್ಪಳಿಸಿತು. ಎರಡೂ ಕೈಯಲ್ಲಿ ಸೆರಗು ಹಿಡಿದು ಕಿವಿ ಮುಚ್ಚಿಕೊಂಡಳು. ನಾನು ಪ್ಲಗ್ಗು ಕೊಟ್ಟೆ. ಅವಳು ಹದಿನಾಲ್ಕು ಯಂತ್ರಗಳನ್ನೂ ಒಂದೊಂದಾಗಿ ನೋಡಿದಳು. ಆರನೆಯದರ ಮುಂದೆ ಈಗ ಬೇರೊಬ್ಬ ಕೂತಿದ್ದ. ಅವಳ ತುಟಿ ಅಲುಗಿದ್ದು ಕಂಡಿತು. ಏನೆಂದಳೋ ಕೇಳಲಿಲ್ಲ. ಹಳದಿ ಗೆರೆಯ ಈಚೆ ಅವಳಿಗೆ ಒಂದು ಸ್ಟೂಲು ಹಾಕಿದರು. ನಾನು ಸ್ವಲ್ಪ ಪಕ್ಕಕ್ಕೆ, ಅವಳ ಮುಖ ಪೂರ್ತಿ ಕಾಣುವಂತೆ, ನೋಟ್‌ಬುಕ್ ತೆರೆದು ನಿಂತೆ.

ಶಿಫ್ಟು ಮುಗಿಯಿತು. ಡೈ ಸೆಟ್ಟರ್ ಅಮ್ಮನ ಕಡೆ ಒಮ್ಮೆ ನೋಡಿ, ಮೂಗಿನ ಪಕ್ಕ ಬೆರಳಿಟ್ಟರು. ಒಂದನೆಯವನು. ಎರಡನೆಯವನು. ಅಮ್ಮ ಸಾಲಿನ ಕಡೆಗೆ ತಿರುಗಿದಳು. ಆರನೇ ಪ್ರೆಸ್ಸಿನವನೂ ಮುಟ್ಟಿಕೊಂಡ. ಯಂತ್ರಗಳು ನಿಂತವು. ಇಷ್ಟು ಹೊತ್ತು ಸದ್ದಿದ್ದ ಜಾಗದಲ್ಲಿ ಏನೂ ಇಲ್ಲ.

ಡೈ ಸೆಟ್ಟರ್ ಹತ್ತಿರ ಬಂದು, ಸಂಕೋಚದಿಂದ ಕೈಮುಗಿದು, ನನಗೆ ಹೇಳಿದ್ದನ್ನೇ ಅವಳಿಗೂ ಹೇಳಿದರು. ಮೂರು ಬೆರಳು, ಮನೆಯ ಟ್ರಯಲ್, ಮೂಗುಬಟ್ಟು, ಮನೆ. "ನಿಮ್ ಹೆಸ್ರಲ್ಲೇ ನಾವೆಲ್ಲ ದಿನಾ ಮನೆಗೋಗ್ತಿರೋದು ಅಕ್ಕ" ಎಂದರು. ಒಳ್ಳೆಯ ಮಾತು ಎಂದುಕೊಂಡೇ ಹೇಳಿದರು.

ಅಮ್ಮ ಅಳುತ್ತಾಳೆ, ಅಥವಾ ನಗುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಖಾಲಿ ಮೂಗನ್ನು ಒಮ್ಮೆ ಒರೆಸಿಕೊಂಡಳು.

"ಇಷ್ಟ್ ಜನಕ್ ಹೇಳವ್ರೆ" ಎಂದಳು. "ನಂಗೊಂದ್ ಮಾತ್ ಹೇಳ್ನಿಲ್ಲ."

ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಪೆನ್ನು ಕಾಗದದ ಮೇಲಿತ್ತು. ಆ ಮಾತನ್ನು ಆಗಲೇ ಅರ್ಧ ಬರೆದಿದ್ದೆ.

"ನಿಂಗ್ ಮೊದ್ಲೇ ಗೊತ್ತಿತ್ತಾ?"

"ಹೂಂ."

"ಏಟ್ ದಿನದಿಂದ?"

"ಎರಡು ವಾರ ಆಯ್ತಮ್ಮ."

"ಅದ್ಕೇನಾ ಬುಕ್ ಇಡ್ಕಂಡ್ ನನ್ ಮಕ ನೋಡ್ತಾ ನಿಂತಿರಾದು?" ಸ್ಟೂಲಿನಿಂದ ಏಳಲು ಡೈ ಸೆಟ್ಟರ್ ಕೈ ಕೊಟ್ಟರು. ನನ್ನ ಕೈ ಅವಳು ಹಿಡಿಯಲಿಲ್ಲ. "ಅವ್ರೂ ಇಂಗೇ ಮಾಡುದ್ರು, ನೀನೂ ಇಂಗೇ ಮಾಡ್ದೆ. ನಾನೇನ್ ನಿಮ್ಗೆಲ್ಲ ಮಿಸನ್ನಾ, ಒತ್ತಿ ಒತ್ತಿ ನೋಡಾಕೆ?"

ಆಟೊದಲ್ಲಿ ಅವಳು ಹೊರಗೆ ನೋಡುತ್ತಿದ್ದಳು. ಕ್ಷಮಿಸು ಎಂದೆ. ಹೂಂ ಎಂದಳು, ಅಷ್ಟೆ.

ಅವಳು ಜಗಳವಾಡಲಿಲ್ಲ, ಊಟ ಬಿಡಲಿಲ್ಲ. ಮರುದಿನ ಅಡುಗೆಮನೆಯಿಂದ ನನ್ನನ್ನು ಕರೆಯುವಾಗ, ಬಾಗಿಲವರೆಗೆ ನಡೆದು ಬಂದು, "ತಿಂಡಿ ಆಗೈತೆ" ಎಂದು ಬಾಯಲ್ಲಿ ಹೇಳಿದಳು. ನಾನು ಅಭ್ಯಾಸದಿಂದ ಅಂಗೈ ತಿರುಗಿಸಿದೆ. ಅವಳು ನೋಡದವಳಂತೆ ಒಳಗೆ ಹೋದಳು. ಒಂದೆರಡು ದಿನದ ಕೋಪ ಎಂದುಕೊಂಡೆ. ವಾರವಾಯಿತು, ತಿಂಗಳಾಯಿತು. ಮಿಕ್ಸಿ ಓಡುತ್ತಿದ್ದರೆ ಅದನ್ನು ನಿಲ್ಲಿಸಿ ಮಾತಾಡುತ್ತಿದ್ದಳು. ಅವಳ ಕೈಗಳು ಈಗ ಬರೀ ಕೆಲಸ ಮಾಡುತ್ತಿದ್ದವು. ಒಮ್ಮೆ ಮಾತ್ರ, ಪಕ್ಕದ ಮನೆಯವರ ಜೊತೆ ಮಾತಾಡುತ್ತಾ ಬೆರಳು ಅರ್ಧ ಎತ್ತಿದವಳು ನನ್ನನ್ನು ಕಂಡು ಸೆರಗಿನೊಳಗೆ ಇಳಿಸಿಕೊಂಡಳು. ತನ್ನ ಕೈಯನ್ನು ಯಾರೋ ಬರೆದುಕೊಳ್ಳುತ್ತಾರೆ ಎಂದು ಗೊತ್ತಾದ ಮೇಲೆ ಕೈ ಮೊದಲಿನಂತೆ ಆಡುವುದಿಲ್ಲ. ಆಪರೇಟರುಗಳ ಮೇಲೆ ನನ್ನ ಕಣ್ಣು ಭಾರವಾಗಬಾರದೆಂದು ಅಷ್ಟು ಜಾಗ್ರತೆ ಮಾಡಿದವಳು ಮನೆಯಲ್ಲಿ ಅದನ್ನು ಯೋಚಿಸಿಯೇ ಇರಲಿಲ್ಲ.

ಲೇಖನ ಬರೆಯಲು ಕೂತಾಗ ಅವಳನ್ನು ಕೇಳಿದೆ, ಈ ಸಲ ಎಲ್ಲವನ್ನೂ ಮೊದಲೇ ಹೇಳಿ. ಯಾವ ಸಂಪುಟ, ಯಾರು ಓದುತ್ತಾರೆ, ಮೂಗಿನ ಸನ್ನೆಯ ಬಗ್ಗೆ ಏನು ಬರೆಯಬೇಕೆಂದಿದ್ದೇನೆ, ಎಲ್ಲ.

"ಬ್ಯಾಡ" ಎಂದಳು. "ಉಳ್ದಿದ್ ಬರ್ಕ. ಅದೊಂದ್ ಬ್ಯಾಡ."

ಅದೊಂದನ್ನು ಬಿಟ್ಟರೆ ಲೇಖನದಲ್ಲಿ ಲೇಖನವೇ ಇರಲಿಲ್ಲ. ಉಳಿದ ಸನ್ನೆಗಳಿಗೂ ಮನೆಯ ಬೇರಿದೆ ಎಂಬುದಕ್ಕೆ ಕೊಂಡಿ ಅದೇ. ಒಂದು ಸಂಜೆ ಮೇಜಿನ ಮೇಲೆ ಕಾರ್ಡುಗಳನ್ನು ಹರಡಿಕೊಂಡು ಕೂತು, ಆ ಕಾರ್ಡಿನ ಐದನೇ ಸಾಲಿನಲ್ಲಿ 'ತಿಳಿದುಬಂದಿಲ್ಲ' ಎಂದು ಬರೆದೆ. ಪ್ರಾಧ್ಯಾಪಕಿಗೆ ಕರಡು ಕೊಡುವಾಗ ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು.

"ಕೇಳ್ಬೇಡಿ, ಕಾಯಿರಿ ಅಂತ ಹೇಳ್ದೋಳು ನಾನೇ" ಎಂದರು. "ಅದು ಅಪರಿಚಿತರ ಬಗ್ಗೆ ಹೇಳಿದ ಮಾತು. ಮನೆಯೋರಿಗೆ ಬೇರೆ ಅಂತ ನಾನು ಹೇಳ್ಬೇಕಿತ್ತು." ಆಮೇಲೆ ಆ ಸಾಲಿನ ಮೇಲೆ ಬೆರಳಿಟ್ಟು, "ಸುಳ್ಳು ಬರೀಬೇಡಿ. ಬಿಡಿ, ಆದ್ರೆ ಬಿಟ್ಟಿದೀವಿ ಅಂತ ಬರೀರಿ" ಎಂದರು.

ಹಾಗಾಗಿ ಅಚ್ಚಾದ ಲೇಖನದಲ್ಲಿ ಆ ಸನ್ನೆಯ ಎದುರು 'ಮಾಹಿತಿದಾರರ ಕೋರಿಕೆಯಂತೆ ಮೂಲದ ವಿವರ ಕೊಟ್ಟಿಲ್ಲ' ಎಂದಿದೆ. ಸಂಪುಟಕ್ಕೆ ಲೇಖನಗಳನ್ನು ಪರಿಶೀಲಿಸಿದವರೊಬ್ಬರು, ಪಟ್ಟಿ ಅಚ್ಚುಕಟ್ಟಾಗಿದೆ, ವಾದ ಮಾತ್ರ ಎಲ್ಲೂ ಕಾಣುವುದಿಲ್ಲ ಎಂದು ಬರೆದಿದ್ದರು. ಅವರು ಹೇಳಿದ್ದು ಸರಿ.

ಪುಸ್ತಕ ಬಂದ ದಿನ ಅಮ್ಮನಿಗೆ ಅಷ್ಟನ್ನೂ ಓದಿ ಹೇಳಿದೆ. ಕೈಗಳ ಚಿತ್ರವನ್ನು ಒಂದೊಂದಾಗಿ ನೋಡಿದಳು. ಎರಡು ಕಡೆ ಹೆಬ್ಬೆರಳು ತಪ್ಪಾಗಿದೆ ಎಂದಳು. ಮೂಗಿನ ಸನ್ನೆಯ ಸಾಲಿಗೆ ಬಂದಾಗ ನಾನು ನಿಲ್ಲಿಸಿ ಅವಳತ್ತ ನೋಡಿದೆ. "ಓದು, ಓದು" ಎಂದಳು.

ಇದೆಲ್ಲ ಆಗಿ ಎರಡು ವರ್ಷವಾಗುತ್ತ ಬಂತು. ಈ ಅನುಭವವನ್ನು ಬರೆಯುವ ಮೊದಲು ಅವಳನ್ನು ಮತ್ತೊಮ್ಮೆ ಕೇಳಿದೆ, ಈಗಲಾದರೂ ಬರೆಯಬಹುದೇ ಎಂದು. ಅವಳು ಪಾತ್ರೆ ತೊಳೆಯುತ್ತಿದ್ದಳು. ತೊಳೆಯುತ್ತಲೇ ಇದ್ದಳು. ನಾನು ಬಂದು ನನ್ನ ಕೆಲಸಕ್ಕೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ ನಲ್ಲಿ ನಿಲ್ಲಿಸಿದ ಸದ್ದು. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ, ಮುಂದಿನ ಕೋಣೆಯ ಬಾಗಿಲವರೆಗೆ ಬಂದು ನಿಂತಳು.

"ಬರ್ಕ" ಎಂದಳು. "ಅವ್ರ್ ಮ್ಯಾಗಳ ಸಿಟ್ಟು ಹೋಯ್ತು. ಸತ್ತೋರ್ ಮ್ಯಾಲೆ ಎಷ್ಟ್ ದಿನ ಇಡ್ಕಳಾದು. ನಿನ್ ಮ್ಯಾಗಳದು ಇನ್ನೂ ಐತೆ. ಅದ್ನೂ ಬರಿ."

ಬರೆಯುತ್ತೇನೆ ಎಂದೆ. ಅವಳು ಮತ್ತೆ ಗೋಡೆ ಹಿಡಿದು ಅಡುಗೆಮನೆಗೆ ಹೋದಳು.